ಬಿಚ್ಚಿ ನೋಡಬಹುದಾದ ತಂತ್ರಾಂಶ

ಧಾರಾಪುರಂನಿಂದ ತಿರುಪ್ಪೂರು, ಕೊಯಮತ್ತೂರಿನವರೆಗೆ ಕನ್ನಡ ಹುಡುಕಿಕೊಂಡು ಹೋದವರು ಅಂಗಡಿಯ ಬೋರ್ಡು, ಬಸ್ಸಿನ ಫಲಕ ನೋಡಿದರೆ ಏನೂ ಸಿಗುವುದಿಲ್ಲ. ಅಲ್ಲಿ ಬರಹವೆಲ್ಲ ತಮಿಳು. ಕನ್ನಡ ಇರುವುದು ಹೊಸ್ತಿಲಿನ ಒಳಗೆ. ಅಡುಗೆಮನೆಯ ಮಾತಿನಲ್ಲಿ, ಮಗ್ಗದ ಮುಂದೆ ಕೂತವರ ನಡುವೆ, ಮದುವೆಗೆ ಸೇರಿದ ನೆಂಟರ ಹರಟೆಯಲ್ಲಿ ಅದು ಕೇಳಿಸುತ್ತದೆ. ಮುಖ್ಯವಾಗಿ ನೇಕಾರ ಸಮುದಾಯವಾದ ದೇವಾಂಗರ ಮನೆಗಳಲ್ಲಿ, ಜೊತೆಗೆ ಹಿಂದೆಂದೋ ದಕ್ಷಿಣಕ್ಕೆ ಇಳಿದು ಬಂದ ಬೇರೆ ಕೆಲವು ಕನ್ನಡ ಮನೆತನಗಳಲ್ಲಿ ಈ ಮಾತು ತಲೆಮಾರುಗಳಿಂದ ಉಳಿದಿದೆ. ಮಕ್ಕಳು ಅಜ್ಜಿಯ ಜೊತೆ ಕನ್ನಡ ಆಡುತ್ತಾರೆ, ಶಾಲೆಯಲ್ಲಿ ತಮಿಳು ಕಲಿಯುತ್ತಾರೆ. ಆಡುವ ಭಾಷೆಯ ಅಕ್ಷರ ಅವರಿಗೆ ಗೊತ್ತಿಲ್ಲ, ಗೊತ್ತಿರುವ ಅಕ್ಷರದಲ್ಲಿ ಅವರ ಮನೆಮಾತಿನ ಪುಸ್ತಕಗಳಿಲ್ಲ.

ಈ ಸೀಮೆ ಕನ್ನಡಕ್ಕೆ ಹೊರಗಿನದೇನೂ ಅಲ್ಲ. ಅಮರಾವತಿ ಹೊಳೆಯ ದಡದ ಧಾರಾಪುರಂ ಮೈಸೂರಿನ ಆಳ್ವಿಕೆಗೆ ಸೇರಿದ್ದ ಊರು. ಹೈದರ್, ಟಿಪ್ಪು ಕಾಲದ ಯುದ್ಧಗಳಲ್ಲಿ ಇಲ್ಲಿನ ಕೋಟೆ ಒಂದಕ್ಕಿಂತ ಹೆಚ್ಚು ಸಲ ಕೈ ಬದಲಾಯಿಸಿತು. ಊರಿನ ಕಾಡು ಹನುಮಂತರಾಯನನ್ನು ಪ್ರತಿಷ್ಠಾಪಿಸಿದವರು ವ್ಯಾಸರಾಯರು ಎಂಬ ನಂಬಿಕೆ ಇದೆ. ಅದೇ ವ್ಯಾಸರಾಯರು, ಪುರಂದರದಾಸರ ಗುರುಗಳು. ನಮ್ಮ ಕೊಳ್ಳೇಗಾಲ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ಗೆರೆ ಎಳೆದಾಗ ಕೊಳ್ಳೇಗಾಲ ಈಚೆ ಬಂತು, ಕೊಯಮತ್ತೂರು ಸುತ್ತಿನ ಕೊಂಗುನಾಡಿನ ಮಗ್ಗದ ಮನೆಗಳು ಆಚೆ ಉಳಿದವು.

ತಂತ್ರಾಂಶ ಮಾರುವ ಕಂಪನಿಯ ಲೆಕ್ಕದಲ್ಲಿ ಈ ಮನೆಗಳವರು ಗಿರಾಕಿಗಳೇ ಅಲ್ಲ. ಕನ್ನಡದ ಮಾರುಕಟ್ಟೆ ಎಂದರೆ ಕರ್ನಾಟಕ, ತಮಿಳಿನದೆಂದರೆ ತಮಿಳುನಾಡು. ಕನ್ನಡ ಮಾತನಾಡಿ ತಮಿಳು ಓದುವವರಿಗೆಂದು ಯಾರೂ ಒಂದು ಆ್ಯಪ್ ಮಾಡಿ ಬೆಲೆಚೀಟಿ ಅಂಟಿಸುವುದಿಲ್ಲ. ಕೋಡ್ ತೆರೆದಿಟ್ಟ ಮುಕ್ತ ತಂತ್ರಾಂಶಗಳನ್ನು ಜನ ಯಾಕೆ ಅಷ್ಟೊಂದು ಹಚ್ಚಿಕೊಂಡಿದ್ದಾರೆ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಸಿಗುವುದು ಇಂಥ ಜಾಗದಲ್ಲೇ ಎಂದು ನಾನು ತಿಳಿದಿದ್ದೇನೆ. ಬೆಂಗಳೂರಿನ ಟೆಕ್ ಪಾರ್ಕಿನಲ್ಲಿ ಅದು ಅನುಕೂಲದ ಮಾತು. ಧಾರಾಪುರಂ ಸೀಮೆಯ ಕನ್ನಡಕ್ಕೆ ಅದು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ ಎನ್ನುವ ಮಾತು.

ಆ ಕೊರತೆ ತುಂಬಿದ ತಂತ್ರಾಂಶದ ಹೆಸರು ಅಕ್ಷರಮುಖ. ಬರೆದವರು ವಿನೋದ್ ರಾಜನ್, ಲಿಪಿಗಳ ಅಧ್ಯಯನ ಮಾಡಿದ ತಮಿಳರು. 100ಕ್ಕೂ ಹೆಚ್ಚು ಲಿಪಿಗಳ ನಡುವೆ ಪಠ್ಯವನ್ನು ದಾಟಿಸುವ ಸಾಧನ ಇದು. ಕನ್ನಡದಲ್ಲಿರುವ ಬರಹವನ್ನು ಕೊಟ್ಟು ತಮಿಳು ಲಿಪಿ ಆರಿಸಿದರೆ ಅದೇ ಕನ್ನಡ ಮಾತು ತಮಿಳು ಅಕ್ಷರದಲ್ಲಿ ಬರುತ್ತದೆ. ಇದು ಅನುವಾದವಲ್ಲ. ಓದಿದವರ ಬಾಯಲ್ಲಿ ಹೊರಡುವುದು ಕನ್ನಡವೇ.

ಕೇಳಲು ಸುಲಭ ಅನಿಸುತ್ತದೆ. ಯೂನಿಕೋಡ್ ಪಟ್ಟಿಯಲ್ಲಿ ಭಾರತದ ಲಿಪಿಗಳನ್ನು ಜೋಡಿಸಿರುವ ರೀತಿಯೂ ಹಾಗೆ ಅನಿಸುವಂತೆಯೇ ಇದೆ. ಕನ್ನಡದ ‘ಕ’ ಇರುವ ಸ್ಥಾನಕ್ಕೂ ತಮಿಳಿನ ‘ಕ’ ಇರುವ ಸ್ಥಾನಕ್ಕೂ ಸರಿಯಾಗಿ 256 ಮನೆಗಳ ಅಂತರ. ‘ತ’, ‘ಪ’, ‘ಮ’, ‘ಳ’ ಯಾವುದನ್ನು ತೆಗೆದುಕೊಂಡರೂ ಅಷ್ಟೇ ಅಂತರ. 256 ಕಳೆದರೆ ಕೆಲಸ ಮುಗಿಯಿತು ಎಂದುಕೊಂಡು ಹೊರಟವರು ಮೊದಲ ಸಾಲಿನಲ್ಲೇ ಎಡವುತ್ತಾರೆ, ಏಕೆಂದರೆ ತಮಿಳು ಪಟ್ಟಿಯಲ್ಲಿ ‘ಖ’, ‘ಗ’, ‘ಘ’ ಇರಬೇಕಾದ ಮನೆಗಳು ಖಾಲಿ. ನಾಲ್ಕು ಧ್ವನಿಗೆ ತಮಿಳಿನಲ್ಲಿ ಒಂದೇ ಅಕ್ಷರ. ‘ಗಂಡ’ನೂ ‘ಕಂಡ’ದ್ದೂ ಒಂದೇ ಥರ ಬರೆಯಲ್ಪಡುತ್ತವೆ. ‘ಬಾಲ’ಕ್ಕೂ ‘ಪಾಲ’ಕ್ಕೂ ಕಣ್ಣಿಗೆ ವ್ಯತ್ಯಾಸವಿಲ್ಲ. ಪದದ ನಡುವೆ ಬಂದಾಗ ತಮಿಳು ಓದುಗನ ನಾಲಿಗೆ ತಾನಾಗಿಯೇ ‘ಗ’ ಅನ್ನುತ್ತದೆ. ಪದದ ಮೊದಲಲ್ಲಿ ಬಂದರೆ ಆ ಸಹಾಯವಿಲ್ಲ. ಇದಕ್ಕೆ ಹಳೆಯ ಒಂದು ರೂಢಿ ಇದೆ: ತಮಿಳು ಲಿಪಿಯಲ್ಲಿ ಸಂಸ್ಕೃತ ಸ್ತೋತ್ರ ಅಚ್ಚು ಹಾಕುವವರು ಅಕ್ಷರದ ತಲೆಯ ಬಳಿ ಪುಟ್ಟದಾಗಿ 2, 3, 4 ಅಂಕಿ ಹಾಕಿ ಧ್ವನಿಯನ್ನು ಬೇರ್ಪಡಿಸುತ್ತಿದ್ದರು. ಅಕ್ಷರಮುಖ ಆ ರೂಢಿಯನ್ನೂ ಬಲ್ಲದು. ಅಂಕಿ ಬೇಡವೆಂದರೆ ತೆಗೆದೂ ಹಾಕುತ್ತದೆ. ಇನ್ನು ‘ಎ–ಏ’, ‘ಒ–ಓ’ ಹ್ರಸ್ವ ದೀರ್ಘಗಳು ಎರಡೂ ಲಿಪಿಯಲ್ಲಿರುವುದರಿಂದ ಅಲ್ಲಿ ತಕರಾರಿಲ್ಲ. ದೇವನಾಗರಿಗೆ ದಾಟಿಸುವಾಗ ಸವೆದುಹೋಗುವ ಈ ಭೇದ ತಮಿಳಿನಲ್ಲಿ ಭದ್ರವಾಗಿ ಉಳಿಯುತ್ತದೆ.

ಇದನ್ನೆಲ್ಲ ಮಾಡಿದವರಿಗೆ ಕೊಂಗುನಾಡಿನ ದೇವಾಂಗರನ್ನೇ ಮನಸ್ಸಿನಲ್ಲಿ ಇಟ್ಟುಕೊಳ್ಳುವ ಅಗತ್ಯವಿರಲಿಲ್ಲ. ಬ್ರಾಹ್ಮೀ, ಗ್ರಂಥ, ಸಿಂಹಳ, ಬರ್ಮೀ, ಟಿಬೆಟನ್ ಹೀಗೆ ಲಿಪಿಗಳ ದೊಡ್ಡ ಸಂಸಾರವನ್ನೇ ಕಟ್ಟುವಾಗ ಕನ್ನಡ–ತಮಿಳು ದಾರಿಯೂ ತೆರೆದುಕೊಂಡಿತು. ಮುಖ್ಯ ಸಂಗತಿ ಎಂದರೆ ಅದರ ಕೋಡ್ ಎಲ್ಲರ ಮುಂದಿದೆ. ಕೊಯಮತ್ತೂರಿನ ಎಂಜಿನಿಯರಿಂಗ್ ಕಾಲೇಜಿನ ಹುಡುಗಿಯೊಬ್ಬಳು ತನ್ನ ಮನೆಮಾತಿಗೆ ಒಗ್ಗುವ ಹಾಗೆ ನಿಯಮ ತಿದ್ದಬೇಕೆಂದರೆ ಯಾರಿಗೂ ಅರ್ಜಿ ಹಾಕಬೇಕಾಗಿಲ್ಲ.

ದಾಟಿಸಿ ಓದಲು ಏನಿದೆ ಎಂದರೆ, ವಚನಗಳಿವೆ. ದೇವಾಂಗರು ತಮ್ಮವನೆಂದು ಎದೆಗೊತ್ತಿಕೊಂಡಿರುವ ದಾಸಿಮಯ್ಯ ಮಗ್ಗದ ಮುಂದೆ ಕೂತು ಬದುಕಿದ ವಚನಕಾರ. ‘ರಾಮನಾಥ’ ಅವನ ಅಂಕಿತ. ಅವನ ವಚನಗಳೂ ಸೇರಿದಂತೆ 20 ಸಾವಿರಕ್ಕೂ ಮಿಕ್ಕಿದ ವಚನಗಳನ್ನು ಹುಡುಕಿ ಓದುವಂತೆ 2013ರಲ್ಲಿ ಜಾಲಕ್ಕೆ ತಂದದ್ದು ‘ವಚನ ಸಂಚಯ’. ಓಂಶಿವಪ್ರಕಾಶ್ ಮತ್ತು ಗೆಳೆಯರ ‘ಸಂಚಯ’ ತಂಡ ತಂತ್ರಜ್ಞಾನ ನೋಡಿಕೊಂಡಿತು, ಓ.ಎಲ್. ನಾಗಭೂಷಣ ಸ್ವಾಮಿ, ವಸುಧೇಂದ್ರ ಅವರಂಥ ಸಾಹಿತಿಗಳು ಜೊತೆಗೂಡಿದರು. ಯಾವ ಪದ ಯಾವ ವಚನದಲ್ಲಿ ಎಷ್ಟು ಸಲ ಬಂದಿದೆ ಎಂದು ನೋಡಲು ಮೊದಲು ಸಂಶೋಧಕರು ಚೀಟಿ ಬರೆದು ಗುಡ್ಡೆ ಹಾಕುತ್ತಿದ್ದರು. ಈಗ ಪದ ಕೊಟ್ಟರೆ ಸಾಕು. ಸರ್ಕಾರ ಪ್ರಕಟಿಸಿದ 15 ಸಂಪುಟಗಳ ಸಮಗ್ರ ವಚನ ಸಂಪುಟದ ಹಿಂದೆ ಎಂ.ಎಂ. ಕಲಬುರ್ಗಿ ಅವರಂಥವರ ಜೀವಮಾನದ ದುಡಿಮೆ ಇದೆ. ಆ ದುಡಿಮೆಯನ್ನು ಗ್ರಂಥಾಲಯದ ಬೀರುವಿನಿಂದ ಹೊರಗೆ ತಂದದ್ದು ಮುಕ್ತ ಸಾಧನಗಳು.

ಕನ್ನಡದಲ್ಲಿ ಹೀಗೆ ಹೊರಗೆ ತರುವುದು ಸಲೀಸಲ್ಲ. ಹಳೆಯ ಕಡತಗಳೆಲ್ಲ ಆಯಾ ತಂತ್ರಾಂಶದ ಫಾಂಟಿಗೆ ಕಟ್ಟುಬಿದ್ದ ಸಂಕೇತಗಳಲ್ಲಿದ್ದವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಪತ್ರಿಕೆ, ಪ್ರಕಾಶನ, ಸರ್ಕಾರಿ ಕಚೇರಿ ಎಲ್ಲ ಕಡೆಯೂ ದಶಕಗಳ ಬರಹ ಹೀಗೆ ಕೂತಿತ್ತು, ಈಗಲೂ ಸಾಕಷ್ಟು ಕೂತಿದೆ. ಅರವಿಂದ ವಿ.ಕೆ. ಇದಕ್ಕೊಂದು ಪರಿವರ್ತಕ ಬರೆದು ಕೋಡ್ ಸಮೇತ ಕೊಟ್ಟರು: ಹಳೆಯ ಆಸ್ಕಿ ಪಠ್ಯ ಹಾಕಿದರೆ ಯೂನಿಕೋಡ್ ಹೊರಬರುತ್ತದೆ. ‘ಗುಬ್ಬಿ’, ‘ನವಿಲು’ ಎಂಬ ಎರಡು ಮುಕ್ತ ಫಾಂಟುಗಳೂ ಅವರವೇ. ಡೆಬಿಯನ್ ಲಿನಕ್ಸಿನ ಭಂಡಾರದಲ್ಲಿ ಇವತ್ತೂ ಅವು ಸಿಗುತ್ತವೆ. ಕನ್ನಡದಲ್ಲಿ ನನ್ನ ಅಚ್ಚುಮೆಚ್ಚಿನ ತಂತ್ರಾಂಶ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಹೊಳೆಯುವ ಹೆಸರುಗಳನ್ನು ಬಿಟ್ಟು ಈ ಪರಿವರ್ತಕದ ಹೆಸರು ಹೇಳುತ್ತೇನೆ. ಕಳೆದುಹೋಗಬಹುದಾಗಿದ್ದ ಬರಹವನ್ನು ಅದು ಉಳಿಸಿದೆ. ಅದರ ಕೋಡ್ ತೆಗೆದುಕೊಂಡು ಬೇರೆಯವರು ಬೇರೆ ಬೇರೆ ಕೆಲಸಕ್ಕೆ ಒಗ್ಗಿಸಿಕೊಳ್ಳಬಹುದು.

ಬೆಲೆ ಕೊಡದೆ ಸಿಗುವುದೆಲ್ಲ ಮುಕ್ತವಲ್ಲ ಎಂಬುದನ್ನು ಕನ್ನಡಿಗರಿಗೆ ‘ಬರಹ’ದ ಉದಾಹರಣೆಯಿಂದ ಹೇಳಬಹುದು. ಶೇಷಾದ್ರಿವಾಸು 1998ರಲ್ಲಿ ಹೊರತಂದ ‘ಬರಹ’ ಲಕ್ಷಾಂತರ ಜನರ ಕೈಗೆ ಕನ್ನಡ ಟೈಪಿಂಗ್ ಕೊಟ್ಟಿತು. ಆ ಉಪಕಾರ ದೊಡ್ಡದು. ಆದರೆ ಅದರ ಕೋಡ್ ಮುಚ್ಚಿತ್ತು. ಉಚಿತವಾಗಿ ಕೊಟ್ಟವರು ನಾಳೆ ನಿಲ್ಲಿಸಬಹುದು, ಬೆಲೆ ಇಡಬಹುದು, ಅವರ ಹಕ್ಕು ಅದು. ಬಳಸುವವರ ಕೈಯಲ್ಲಿ ಏನೂ ಇರುವುದಿಲ್ಲ.

ಈ ಅಸಹಾಯಕತೆಯೇ ರಿಚರ್ಡ್ ಸ್ಟಾಲ್‌ಮನ್ ಅವರನ್ನು ಕೆರಳಿಸಿದ್ದು. ಅಮೆರಿಕದ ಎಂಐಟಿಯ ಪ್ರಯೋಗಾಲಯದಲ್ಲಿ 1980ರ ಸುಮಾರಿಗೆ ಒಂದು ಹೊಸ ಲೇಸರ್ ಪ್ರಿಂಟರ್ ಬಂತು. ಕಾಗದ ಸಿಕ್ಕಿಕೊಂಡರೆ ಎಲ್ಲರಿಗೂ ಸಂದೇಶ ಹೋಗುವಂತೆ ತಿದ್ದೋಣವೆಂದು ಅವರು ಕೋಡ್ ಕೇಳಿದರು. ಸಿಗಲಿಲ್ಲ. ಹಳೆಯ ಪ್ರಿಂಟರಿಗೆ ತಾವೇ ಮಾಡಿದ್ದ ತಿದ್ದುಪಡಿಯನ್ನು ಹೊಸದಕ್ಕೆ ಮಾಡಲಾಗದೆ ಕೈಕಟ್ಟಿ ಕೂರಬೇಕಾಯಿತು. 1983ರ ಸೆಪ್ಟೆಂಬರಿನಲ್ಲಿ ಅವರು ಗ್ನೂ ಯೋಜನೆ ಘೋಷಿಸಿದರು, 1989ರಲ್ಲಿ ಜಿಪಿಎಲ್ ಪರವಾನಗಿ ಬಂತು. ಅದರ ಪ್ರಕಾರ ತಂತ್ರಾಂಶವನ್ನು ಯಾವ ಉದ್ದೇಶಕ್ಕಾದರೂ ಬಳಸಬಹುದು, ಬಿಚ್ಚಿ ನೋಡಿ ತಿದ್ದಬಹುದು, ಪ್ರತಿ ಹಂಚಬಹುದು, ತಿದ್ದಿದ ಪ್ರತಿಯನ್ನೂ ಹಂಚಬಹುದು. ಹಂಚುವಾಗ ಮುಂದಿನವರಿಗೂ ಅದೇ ಹಕ್ಕು ಕೊಡಬೇಕು. ಈ ಕೊನೆಯ ಷರತ್ತೇ ಜಿಪಿಎಲ್‌ನ ಗಟ್ಟಿತನ. 1991ರ ಆಗಸ್ಟಿನಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತಾನು ಬರೆಯುತ್ತಿದ್ದ ಲಿನಕ್ಸ್ ಕರ್ನಲ್ ಬಗ್ಗೆ ಹೇಳಿಕೊಂಡದ್ದು, ಮುಂದೆ ಅದನ್ನು ಜಿಪಿಎಲ್ ಅಡಿ ತಂದದ್ದು ಎಲ್ಲರಿಗೂ ಗೊತ್ತಿರುವ ಕತೆ.

ನಮ್ಮ ಫೋನಿನ ಕನ್ನಡವೂ ಇದೇ ಬಳ್ಳಿಯ ಕಾಯಿ. ಮೊದಮೊದಲ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಸಂದೇಶ ಬಂದರೆ ಚೌಕಗಳ ಸಾಲು ಕಾಣುತ್ತಿತ್ತು. ಇವತ್ತು ‘ಸ್ತ್ರೀ’ ಎಂಬ ಪದದ ಒತ್ತುಗಳು ತಮ್ಮ ಜಾಗದಲ್ಲಿ ಕೂರುತ್ತಿದ್ದರೆ ಅದಕ್ಕೆ ಕಾರಣ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲವೂ ಅಕ್ಷರ ಜೋಡಿಸಲು ಅದನ್ನೇ ನೆಚ್ಚಿವೆ. ಅದನ್ನು ಬೆಳೆಸಿದ ಬೆಹ್ದಾದ್ ಎಸ್ಫಹಬೋದ್ ಇರಾನಿನಲ್ಲಿ ಹುಟ್ಟಿದವರು. ಲಿನಕ್ಸಿನಲ್ಲಿ ಕನ್ನಡ ಟೈಪ್ ಮಾಡುವವರಿಗೆ ಕೆ.ಪಿ. ರಾವ್ ಅವರ ವಿನ್ಯಾಸದ ಕಗಪ ಕೀಲಿಮಣೆ ಸಿಗುವುದು ಎಂ17ಎನ್ ಎಂಬ ಕೋಶದಲ್ಲಿ. ಅದು ಜಪಾನಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ತಯಾರಾದದ್ದು. ದಕ್ಷಿಣ ಕನ್ನಡದ ಒಬ್ಬರ ಬುದ್ಧಿ, ಜಪಾನಿನವರ ಕೋಡ್, ಇರಾನ್ ಮೂಲದವರ ಅಕ್ಷರಜೋಡಣೆ. ಈ ಮೂವರಲ್ಲಿ ಒಬ್ಬರ ಅಪ್ಪಣೆಯನ್ನು ಇನ್ನೊಬ್ಬರು ಕೇಳಲಿಲ್ಲ, ಆದರೂ ಕೆಲಸ ಒಂದಕ್ಕೊಂದು ಕೂಡಿತು.

‘ಅಲರ್’ ನಿಘಂಟಿನ ಕತೆ ಹೇಳದಿದ್ದರೆ ಈ ಮಾತು ಪೂರ್ತಿಯಾಗದು. ವಿ. ಕೃಷ್ಣ ಎಂಬವರು ಸುಮಾರು ನಾಲ್ಕು ದಶಕ ಒಬ್ಬರೇ ಕೂತು ಕನ್ನಡ–ಇಂಗ್ಲಿಷ್ ನಿಘಂಟು ಕಟ್ಟಿದರು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳು, 2 ಲಕ್ಷದ 40 ಸಾವಿರಕ್ಕೂ ಹೆಚ್ಚು ಅರ್ಥವಿವರಣೆಗಳು. ಇಷ್ಟು ದುಡಿದವರು ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. 2019ರಲ್ಲಿ ಅದು ಮುಕ್ತ ದತ್ತಾಂಶದ ಪರವಾನಗಿಯಡಿ ಎಲ್ಲರಿಗೂ ಸಿಕ್ಕಿತು. ಜಾಲತಾಣ ರೂಪಿಸಿದವರು ಕೈಲಾಶ್ ನಾಧ್, ಮಲಯಾಳಕ್ಕೆ ‘ಓಲಂ’ ನಿಘಂಟು ಕಟ್ಟಿದ್ದ ಅನುಭವಿ. ಬಯಸಿದವರು ಇಡೀ ನಿಘಂಟನ್ನು ಇಳಿಸಿಕೊಂಡು ತಮ್ಮ ಆ್ಯಪಿಗೆ, ಕಾಗುಣಿತ ಪರೀಕ್ಷಕಕ್ಕೆ ಬಳಸಬಹುದು. ವಚನವೊಂದನ್ನು ತಮಿಳು ಲಿಪಿಯಲ್ಲಿ ಓದಿ, ಅರ್ಥವಾಗದ ಪದಕ್ಕೆ ಇಂಗ್ಲಿಷಿನಲ್ಲಿ ಅರ್ಥ ನೋಡುವ ದಾರಿ ಕೊಂಗುನಾಡಿನ ಹುಡುಗರಿಗೆ ಈಗ ತೆರೆದಿದೆ. ಮೂರೂ ಕೊಂಡಿಗಳನ್ನು ಬೇರೆ ಬೇರೆಯವರು ಮಾಡಿದ್ದು.

ಬನಿಯನ್ ಕಂಪನಿಯಲ್ಲಿ

ಧಾರಾಪುರಂ 2009ರಲ್ಲಿ ಹೊಸದಾಗಿ ಆದ ತಿರುಪ್ಪೂರು ಜಿಲ್ಲೆಗೆ ಸೇರಿತು. ಜಿಲ್ಲೆಯ ಉಸಿರೇ ಹೆಣಿಗೆ ಬಟ್ಟೆ. ಟೀ ಶರ್ಟು, ಮಕ್ಕಳ ಉಡುಪು ಎಂದು ಹಡಗು ಹತ್ತುವ ಮಾಲೆಲ್ಲ ಹೊರಡುವುದು ಊರವರು ‘ಬನಿಯನ್ ಕಂಪನಿ’ ಎನ್ನುವ ಚಿಕ್ಕ ದೊಡ್ಡ ಘಟಕಗಳಿಂದ. ನಿಟಿಂಗ್, ಡೈಯಿಂಗ್, ಕಟಿಂಗ್, ಪವರ್ ಟೇಬಲ್, ಚೆಕಿಂಗ್ ಒಂದೊಂದೂ ಬೇರೆಬೇರೆ ಕಡೆ, ಜಾಬ್ ವರ್ಕ್ ಲೆಕ್ಕದಲ್ಲಿ. ಎದೆಯ ಮೇಲಿನ ಲೋಗೋ ಹೊಲಿಯುವುದು ಕಂಪ್ಯೂಟರ್ ಎಂಬ್ರಾಯ್ಡರಿ ಮಾಡುವವರ ಕೆಲಸ.

ಆ ಎಂಬ್ರಾಯ್ಡರಿ ಯಂತ್ರಕ್ಕೆ ಚಿತ್ರ ಕೊಟ್ಟರೆ ಅರ್ಥವಾಗುವುದಿಲ್ಲ. ಸೂಜಿ ಎಲ್ಲಿ ಇಳಿಯಬೇಕು, ಮುಂದೆ ಎಷ್ಟು ಸರಿಯಬೇಕು, ನೂಲು ಎಲ್ಲಿ ಕತ್ತರಿಸಬೇಕು ಎಂದು ಹೊಲಿಗೆ ಹೊಲಿಗೆಯಾಗಿ ಹೇಳಬೇಕು. ಇದನ್ನು ತಯಾರಿಸುವ ಕೆಲಸಕ್ಕೆ ಕಸುಬಿನವರು ಪಂಚಿಂಗ್ ಎನ್ನುತ್ತಾರೆ. ಮೊದಲು ಕಾಗದದ ಪಟ್ಟಿಗೆ ತೂತು ಹೊಡೆದೇ ಯಂತ್ರಕ್ಕೆ ಕೊಡುತ್ತಿದ್ದರು. ಪಂಚಿಂಗಿನ ವೃತ್ತಿಪರ ತಂತ್ರಾಂಶಗಳು ದುಬಾರಿ. ದೊಡ್ಡ ಘಟಕಗಳು ದುಡ್ಡು ತೆತ್ತು ಕೊಳ್ಳುತ್ತವೆ. ಕೆಲಸ ಕಲಿಯಬೇಕೆಂದಿರುವ ಹುಡುಗನಿಗೆ, ಒಂದೇ ಯಂತ್ರ ಇಟ್ಟುಕೊಂಡ ಮನೆಗೆ ಆ ಬೆಲೆ ಎಟುಕದು. ಕಳ್ಳಪ್ರತಿ ಹಾಕಿಕೊಂಡರೆ ವೈರಸ್ಸಿನ ಕಾಟ, ಕಾನೂನಿನ ಭಯ.

ಇಲ್ಲಿ ಉಪಯೋಗಕ್ಕೆ ಬರುವುದು ಇಂಕ್‌ಸ್ಟಿಚ್. ಇಂಕ್‌ಸ್ಕೇಪ್ ಎಂಬ ಹೆಸರಾಂತ ಚಿತ್ರ ತಂತ್ರಾಂಶ 2003ರಲ್ಲಿ ಶುರುವಾಯಿತು. ಗೆರೆ, ವಕ್ರರೇಖೆಗಳಲ್ಲಿ ಚಿತ್ರ ಬರೆಯುವುದು ಅದರ ಕೆಲಸ. ಅದರ ಮೇಲೆ ಕಸೂತಿ ಯಂತ್ರಕ್ಕೆ ಬೇಕಾದ ಬುದ್ಧಿಯನ್ನು ಜೋಡಿಸಿದರೆ ಅದೇ ಇಂಕ್‌ಸ್ಟಿಚ್. ಮೊದಲಿಗೆ ಒಬ್ಬರು ಬರೆದಿದ್ದ ಸಣ್ಣ ಜೋಡಣೆಯನ್ನು ಲೆಕ್ಸ್ ನೇವಾ ಎತ್ತಿಕೊಂಡು ಬೆಳೆಸಿದರು, ಆಮೇಲೆ ಹಲವು ದೇಶದವರು ಸೇರಿದರು. ಎಳೆದ ಗೆರೆಯನ್ನು ಓಟದ ಹೊಲಿಗೆಯಾಗಿಸಲೇ, ಅಗಲ ಪಟ್ಟಿಯನ್ನು ಸ್ಯಾಟಿನ್ ಆಗಿಸಲೇ, ದೊಡ್ಡ ಜಾಗವನ್ನು ತುಂಬು ಹೊಲಿಗೆಯಲ್ಲಿ ಮುಚ್ಚಲೇ ಎಂದು ಆರಿಸಬಹುದು. ಹೊಲಿಗೆಗಳ ನಡುವಿನ ಅಂತರ, ಬಟ್ಟೆ ಸುಕ್ಕಾಗದಂತೆ ಕೆಳಗೆ ಹಾಕುವ ಆಧಾರದ ಹೊಲಿಗೆ, ನೂಲಿನ ಬಣ್ಣದ ಸರದಿ ಎಲ್ಲವೂ ಕೈಯಲ್ಲಿರುತ್ತವೆ. ಸೂಜಿ ಹೇಗೆ ಸಾಗುತ್ತದೆ ಎಂದು ಪರದೆಯ ಮೇಲೆ ಮೊದಲೇ ನೋಡಿಕೊಳ್ಳಬಹುದು. ನೂಲು, ಬಟ್ಟೆ ವ್ಯರ್ಥವಾಗುವುದಿಲ್ಲ. ಕೊನೆಗೆ ಯಂತ್ರಗಳು ಓದುವ ಡಿಎಸ್‌ಟಿ, ಪಿಇಎಸ್ ಮುಂತಾದ ರೂಪಗಳಲ್ಲಿ ಕಡತ ಸಿಗುತ್ತದೆ. ಸಾವಿರಾರು ಪೀಸಿನ ಆರ್ಡರು ಹಿಡಿದವರ ವೇಗಕ್ಕೆ ಇದು ಸಾಟಿಯೆಂದು ನಾನು ಹೇಳಲಾರೆ. ಕಸುಬು ಕಲಿಯಲು, ಸಣ್ಣ ಕೆಲಸ ನಡೆಸಲು ಇದು ಧಾರಾಳ ಸಾಕು.

ಪ್ಯಾಟರ್ನ್ ಮಾಸ್ಟರುಗಳಿಗೂ ಇಂಥದೇ ಒಂದಿದೆ. ಉಕ್ರೇನಿನ ರೊಮಾನ್ ತೆಲೆಜಿನ್ಸ್ಕಿ, ಅಮೆರಿಕದ ಸೂಸನ್ ಸ್ಪೆನ್ಸರ್ ಸೇರಿ ಬೆಳೆಸಿದ ‘ವ್ಯಾಲೆಂಟಿನಾ’ ಮುಂದೆ ಎರಡು ಕವಲಾಯಿತು. ಒಂದು ಹಳೆಯ ಹೆಸರಿನಲ್ಲೇ ಉಳಿಯಿತು, ಇನ್ನೊಂದು ಕವಲಿನ ಹೆಸರು ‘ಸೀಮ್ಲಿ2ಡಿ’. ಇವುಗಳಲ್ಲಿ ತೋಳು, ಕತ್ತು, ಎದೆಯ ಗೆರೆಗಳನ್ನು ಇಂಚಿನ ಅಳತೆಯಲ್ಲಿ ಎಳೆಯುವುದಿಲ್ಲ, ಸೂತ್ರದಲ್ಲಿ ಬರೆಯುತ್ತಾರೆ: ಎದೆಸುತ್ತಳತೆಯ ನಾಲ್ಕನೇ ಒಂದು ಭಾಗ, ಜೊತೆಗೆ ಇಷ್ಟು ಸಡಿಲ ಎನ್ನುವ ಹಾಗೆ. ಅಳತೆಯ ಪಟ್ಟಿ ಬದಲಿಸಿದರೆ ಇಡೀ ಪ್ಯಾಟರ್ನ್ ತಾನೇ ಹಿಗ್ಗುತ್ತದೆ, ಕುಗ್ಗುತ್ತದೆ. ಮಾಸ್ಟರನ ತಲೆಯಲ್ಲಿದ್ದ ಲೆಕ್ಕ ಪರದೆಯ ಮೇಲೆ ಬಂದು ಶಿಷ್ಯನಿಗೆ ಕಾಣುತ್ತದೆ.

ಲೆಕ್ಕ ಕಣ್ಣಿಗೆ ಕಾಣಬೇಕೆಂಬ ಈ ಮಾತನ್ನು ನೇಯುವವರಿಗೆ ಹೊಸದಾಗಿ ಹೇಳಬೇಕಿಲ್ಲ. 1804ರಲ್ಲಿ ಜೋಸೆಫ್ ಜಕಾರ್ಡ್ ಫ್ರಾನ್ಸಿನಲ್ಲಿ ಮಾಡಿದ ಮಗ್ಗ ತೂತಿನ ಕಾರ್ಡುಗಳನ್ನು ನೋಡಿ ಹಾಸಿನ ಯಾವ ಎಳೆ ಎತ್ತಬೇಕೆಂದು ತಿಳಿಯುತ್ತಿತ್ತು. ಚಾರ್ಲ್ಸ್ ಬ್ಯಾಬೇಜ್ ತನ್ನ ಗಣಕ ಯಂತ್ರಕ್ಕೆ ಕಾರ್ಡಿನ ಉಪಾಯ ಎತ್ತಿಕೊಂಡದ್ದು ಅಲ್ಲಿಂದ. ಕೊಂಗುನಾಡಿನ ರೇಷ್ಮೆ ಮಗ್ಗಗಳ ಮೇಲೆ ಇಂಥ ಕಾರ್ಡಿನ ಸರ ತೂಗಾಡುವುದನ್ನು ಕಂಡವರಿಗೆ ಮುಕ್ತ ತಂತ್ರಾಂಶದ ತತ್ವ ಬೇರೆ ವಿವರಿಸಬೇಕಾಗಿಲ್ಲ. ಪ್ರತಿಯೊಂದು ತೂತೂ ನೇಕಾರನ ಕಣ್ಣೆದುರಿಗಿದೆ. ಹೂವಿನ ಎಸಳು ಸರಿ ಬರದಿದ್ದರೆ ಯಾವ ಕಾರ್ಡು ತಪ್ಪಿದೆ ಎಂದು ಹುಡುಕಿ, ಅದನ್ನಷ್ಟೇ ಬದಲಿಸಿ ಮತ್ತೆ ನೇಯುತ್ತಾನೆ. ಮಗ್ಗ ಮಾರಿದವನು ಕಾರ್ಡಿನ ಪೆಟ್ಟಿಗೆಗೆ ಬೀಗ ಜಡಿದು ಹೋಗಿದ್ದರೆ ಆ ಕಸುಬು ಇಷ್ಟು ದೂರ ಬರುತ್ತಲೇ ಇರಲಿಲ್ಲ.

ಶಾಲೆಗೆ ಬಂದರೆ ಎರಡು ರಾಜ್ಯಗಳ ಎರಡು ದಾರಿ ಕಾಣುತ್ತದೆ. ತಮಿಳುನಾಡು 2011ರ ಸೆಪ್ಟೆಂಬರ್ 15ರಂದು ಉಚಿತ ಲ್ಯಾಪ್‌ಟಾಪ್ ಯೋಜನೆ ಶುರು ಮಾಡಿ ಲಕ್ಷಾಂತರ ಮಕ್ಕಳಿಗೆ ಯಂತ್ರ ಕೊಟ್ಟಿತು. ಸಿ–ಡ್ಯಾಕ್ ತಯಾರಿಸಿದ ಬಾಸ್ ಲಿನಕ್ಸ್ ಅದರಲ್ಲಿ ವಿಂಡೋಸ್ ಪಕ್ಕದಲ್ಲೇ ಇತ್ತು. ಕೇರಳ ಬೇರೆ ದಾರಿ ಹಿಡಿಯಿತು. ಅಲ್ಲಿನ ಸರ್ಕಾರಿ ಶಾಲೆಗಳ ಐಟಿ ಪಾಠವೇ ಮುಕ್ತ ತಂತ್ರಾಂಶದ ಮೇಲೆ ನಿಂತಿದೆ. ಪಠ್ಯಪುಸ್ತಕ, ಶಿಕ್ಷಕರ ತರಬೇತಿ, ಪರೀಕ್ಷೆ ಎಲ್ಲವೂ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಐಟಿ ಪುಸ್ತಕವನ್ನು ಕನ್ನಡದಲ್ಲೇ ಓದಿ ಇಂಕ್‌ಸ್ಕೇಪ್, ಜಿಂಪ್, ಲಿಬ್ರೆಆಫೀಸ್ ಕಲಿಯುತ್ತಾರೆ. ಕೇರಳದ ಶಾಲೆಗಳ ಐಟಿ ಕಲಿಕೆ ನೋಡಿಕೊಳ್ಳುವ ಕೈಟ್ ಸಂಸ್ಥೆ 2019ರಲ್ಲಿ ಹೇಳಿದ ಲೆಕ್ಕದಂತೆ 2 ಲಕ್ಷ ಕಂಪ್ಯೂಟರುಗಳಲ್ಲಿ ಹೀಗೆ ಉಳಿದ ಪರವಾನಗಿ ಹಣ ಸುಮಾರು 3,000 ಕೋಟಿ ರೂಪಾಯಿ. ಹಣಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಮಂಜೇಶ್ವರದ ಹುಡುಗಿ ಶಾಲೆಯಲ್ಲಿ ಕಲಿತದ್ದನ್ನು ಅದೇ ಸಂಜೆ ಮನೆಯ ಕಂಪ್ಯೂಟರಿನಲ್ಲಿ, ಕಳ್ಳತನ ಮಾಡದೆ, ಹಾಕಿಕೊಳ್ಳಬಹುದು ಎಂಬುದು. ಯಂತ್ರದಲ್ಲಿ ಲಿನಕ್ಸ್ ತುಂಬಿ ಕೊಟ್ಟರೆ ಸಾಲದು, ಪಾಠದಲ್ಲಿ ಅದು ಇರಬೇಕು. ಈ ವಿಷಯದಲ್ಲಿ ಕರ್ನಾಟಕವೂ ಕೇರಳವನ್ನು ನೋಡಿ ಕಲಿಯಬೇಕಾದ್ದು ಬಹಳ ಇದೆ. ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆಗೂಡಿ ನಮ್ಮ ಹೈಸ್ಕೂಲು ಶಿಕ್ಷಕರಿಗೆ ಮುಕ್ತ ತಂತ್ರಾಂಶ ಕಲಿಸಿದ್ದು, ಕನ್ನಡದಲ್ಲಿ ಮುಕ್ತ ಶೈಕ್ಷಣಿಕ ಸಂಪನ್ಮೂಲ ಕಟ್ಟಿದ್ದು ಒಳ್ಳೆಯ ಆರಂಭ. ತಾವೇ ಕಲಿಯಬೇಕೆನ್ನುವವರಿಗೆ ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ ಇದೆ. ಕಣ್ಣನ್ ಮೌದ್ಗಲ್ಯ ಅವರ ನೇತೃತ್ವದಲ್ಲಿ ತಯಾರಾದ ಚಿಕ್ಕ ಚಿಕ್ಕ ಪಾಠಗಳು, ಕನ್ನಡ, ತಮಿಳು ಎರಡರಲ್ಲೂ ಧ್ವನಿ ಸಮೇತ.

ಹೆಸರು ಗೊತ್ತಿಲ್ಲದೆಯೂ ಊರಿಗೂರೇ ಬಳಸುವ ಮುಕ್ತ ತಂತ್ರಾಂಶ ವಿಎಲ್‌ಸಿ. ಮದುವೆ ವಿಡಿಯೊ ಅಂಗಡಿಯಿಂದ ಹಿಡಿದು ಹಾಸ್ಟೆಲ್ ಕೋಣೆಯವರೆಗೆ ಕಿತ್ತಳೆ ಬಣ್ಣದ ಆ ಟ್ರಾಫಿಕ್ ಕೋನ್ ಇಲ್ಲದ ಕಂಪ್ಯೂಟರ್ ಅಪರೂಪ. ಪ್ಯಾರಿಸ್ಸಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ವಿದ್ಯಾರ್ಥಿಗಳು 1996ರಲ್ಲಿ ಆರಂಭಿಸಿದ ಕೆಲಸ, 2001ರಲ್ಲಿ ಜಿಪಿಎಲ್ ಅಡಿ ಹೊರಬಂತು. ಯಾವ ಕಡತ ಕೊಟ್ಟರೂ ಗೊಣಗದೆ ಓಡಿಸುತ್ತದೆ, ಅರ್ಧ ಕೆಟ್ಟ ಕಡತವನ್ನೂ ಬಿಡುವುದಿಲ್ಲ. 2025ರ ಜನವರಿಗೆ 600 ಕೋಟಿ ಬಾರಿ ಇಳಿಸಿಕೊಳ್ಳಲ್ಪಟ್ಟ ಈ ತಂತ್ರಾಂಶದಲ್ಲಿ ಒಂದೇ ಒಂದು ಜಾಹೀರಾತಿಲ್ಲ. ಜಾಹೀರಾತು ತುರುಕಲು ಭಾರಿ ಹಣ ಕೊಡುತ್ತೇವೆಂದು ಬಂದವರನ್ನು ವಾಪಸು ಕಳಿಸಿದ್ದಾಗಿ ಅದರ ಮುಂದಾಳು ಜ್ಯಾಂ ಬ್ಯಾಪ್ತಿಸ್ತ್ ಕೆಂಫ್ ಹೇಳಿದ್ದಾರೆ. ಜನರ ಪ್ರೀತಿ ಸುಮ್ಮನೆ ಬರುವುದಿಲ್ಲ.

ಅನಿಮೇಷನ್ ತಯಾರಿಸುವ ಬ್ಲೆಂಡರ್ ಅಂಥದೇ ಇನ್ನೊಂದು. ಅದನ್ನು ಮಾಡಿದ ಕಂಪನಿ ಮುಚ್ಚಿದಾಗ ತೊನ್ ರೋಸೆಂಡಾಲ್ 2002ರಲ್ಲಿ ಬಳಕೆದಾರರ ಮುಂದೆ ಕೈಚಾಚಿದರು. ಏಳು ವಾರದಲ್ಲಿ 1 ಲಕ್ಷ ಯೂರೊ ಕೂಡಿ, ಆ ಹಣದಿಂದ ಕೋಡನ್ನು ಬಿಡಿಸಿ ಎಲ್ಲರಿಗೂ ಕೊಟ್ಟರು. ಅದೇ ಬ್ಲೆಂಡರಿನಲ್ಲಿ ತಯಾರಾದ ಲಾಟ್ವಿಯಾದ ‘ಫ್ಲೋ’ ಚಿತ್ರ 2025ರಲ್ಲಿ ಆಸ್ಕರ್ ಗೆದ್ದಿತು.

ದುಡಿಯುವವರ ಪಾಡು

ಪ್ರೀತಿಯ ಇನ್ನೊಂದು ಮಗ್ಗುಲೂ ಇದೆ, ಅದನ್ನು ಮುಚ್ಚಿಡಬಾರದು. ಎಲ್ಲರೂ ಬಳಸುವ ತಂತ್ರಾಂಶವನ್ನು ಕಾಯುವವರು ಎಷ್ಟೋ ಸಲ ಒಬ್ಬಿಬ್ಬರು, ಸಂಬಳವಿಲ್ಲದೆ. 2014ರ ಏಪ್ರಿಲಿನಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ದೋಷ ಬಯಲಾಯಿತು. ಬ್ಯಾಂಕುಗಳ ಜಾಲತಾಣದಿಂದ ಹಿಡಿದು ಅಂತರ್ಜಾಲದ ಬಹುಪಾಲು ನೆಚ್ಚಿದ್ದ ಮುಕ್ತ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಅದು ಇತ್ತು. ಆ ಯೋಜನೆಗೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2,000 ಡಾಲರ್ ಎಂದು ಆಗ ಜಗತ್ತಿಗೆ ಗೊತ್ತಾಯಿತು. 2024ರ ಮಾರ್ಚಿನಲ್ಲಿ ‘ಎಕ್ಸ್‌ಝಡ್’ ಎಂಬ ಸಣ್ಣ ಕೋಶದೊಳಗೆ ಯಾರೋ ಎರಡು ವರ್ಷ ವಿಶ್ವಾಸ ಗಳಿಸಿ ಕಳ್ಳಕಿಂಡಿ ಇಟ್ಟಿದ್ದು ಸಿಕ್ಕಿತು. ದಣಿದಿದ್ದ ಒಬ್ಬನೇ ಒಬ್ಬ ನಿರ್ವಾಹಕನ ಮೇಲೆ ಒತ್ತಡ ಹಾಕಿ ಒಳಗೆ ಬಂದಿದ್ದರು. ಅದನ್ನು ಹಿಡಿದ ಆಂಡ್ರೆಸ್ ಫ್ರಾಯಿಂಡ್ ಭದ್ರತಾ ಪರಿಣತರೂ ಅಲ್ಲ. ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಜಾಡು ಹಿಡಿದು ಹೋದರು. ಕೋಡ್ ತೆರೆದಿದ್ದುದರಿಂದ ಹೊರಗಿನವರೊಬ್ಬರು ಹಾಗೆ ಹೋಗಲು ಸಾಧ್ಯವಾಯಿತು. ಕಾಯುವವನನ್ನು ಒಂಟಿಯಾಗಿ ಬಿಟ್ಟದ್ದರಿಂದಲೇ ಕಳ್ಳನೂ ಒಳಗೆ ಬಂದಿದ್ದ.

ಬೆಂಗಳೂರಿನ ಝೆರೋದಾ ಕಂಪನಿ 2024ರ ಅಕ್ಟೋಬರಿನಲ್ಲಿ ಮುಕ್ತ ತಂತ್ರಾಂಶ ಯೋಜನೆಗಳಿಗೆಂದು ವರ್ಷಕ್ಕೆ 10 ಲಕ್ಷ ಡಾಲರಿನ ನಿಧಿ ಘೋಷಿಸಿತು. ಇಂಥ ಕೋಡಿನ ಮೇಲೆ ತನ್ನ ವ್ಯವಹಾರ ಕಟ್ಟಿಕೊಂಡ ಕಂಪನಿ ಸಾಲ ತೀರಿಸುವುದು ನ್ಯಾಯ. ನಮ್ಮ ರಾಜ್ಯದ ಉಳಿದ ತಂತ್ರಜ್ಞಾನ ಕಂಪನಿಗಳು ಹೀಗೇ ಮಾಡಲಿ ಎಂದು ಕೇಳುವ ಹಕ್ಕು ನಮಗಿದೆ. ಕನ್ನಡದ ಫಾಂಟು, ಪರಿವರ್ತಕ, ಕೀಲಿಮಣೆ, ನಿಘಂಟುಗಳು ಹೆಚ್ಚಾಗಿ ಕೆಲವೇ ಮಂದಿಯ ರಾತ್ರಿಗಳನ್ನು ತಿಂದು ಬೆಳೆದಿವೆ. ಕನ್ನಡ ಅಭಿವೃದ್ಧಿಯ ಹೆಸರಿನಲ್ಲಿ ವರ್ಷವರ್ಷ ತೆಗೆದಿಡುವ ಹಣದಲ್ಲಿ ಒಂದು ಪಾಲು ಇಂಥವರಿಗೆ ನೇರವಾಗಿ ಹೋಗಬೇಕು. ಹೊಸ ತಂತ್ರಾಂಶಕ್ಕೆ ಟೆಂಡರು ಕರೆಯುವುದಕ್ಕಿಂತ ಇರುವುದನ್ನು ಉಳಿಸಿಕೊಳ್ಳುವುದು ಮೊದಲ ಕೆಲಸ. ಸಾರ್ವಜನಿಕ ಹಣದಲ್ಲಿ ತಯಾರಾದ ಕನ್ನಡ ತಂತ್ರಾಂಶದ ಕೋಡ್ ಸಾರ್ವಜನಿಕರಿಗೆ ತೆರೆದಿರಲೇಬೇಕು.

ಓದುಗರು ಮಾಡಬಹುದಾದ ಕೆಲಸವೂ ಇದೆ, ಅದಕ್ಕೆ ಪ್ರೋಗ್ರಾಮಿಂಗ್ ಬರಬೇಕಿಲ್ಲ. ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳ ಕನ್ನಡ ಅನುವಾದದಲ್ಲಿ ತಪ್ಪು ಕಂಡರೆ ಸುಮ್ಮನಿರಬೇಡಿ, ತಿಳಿಸಿ. ಅಕ್ಷರಮುಖದಲ್ಲಿ ಕನ್ನಡದ ಸಾಲೊಂದು ತಮಿಳಿಗೆ ತಪ್ಪಾಗಿ ದಾಟಿದರೆ ಆ ಸಾಲನ್ನು ಕಳಿಸಿ. ಕೊಯಮತ್ತೂರು, ತಿರುಪ್ಪೂರು, ಧಾರಾಪುರಂ ಕಡೆ ನೆಂಟರಿರುವವರು ಅವರಿಗೆ ವಚನ ಸಂಚಯದ ಒಂದು ಪುಟವನ್ನು ತಮಿಳು ಅಕ್ಷರದಲ್ಲಿ ದಾಟಿಸಿ ಕಳಿಸಬಹುದು. ಅಲ್ಲಿನ ಹಿರಿಯರು ಆಡುವ ಕನ್ನಡದಲ್ಲಿ ನಮ್ಮಲ್ಲಿ ಮರೆತುಹೋದ ಮಗ್ಗದ ಮಾತು, ಅಡುಗೆಯ ಮಾತು, ಚೌಡೇಶ್ವರಿ ಹಬ್ಬದ ಮಾತು ಇನ್ನೂ ಉಸಿರಾಡುತ್ತಿರಬಹುದು. ಅದನ್ನು ಹಿಡಿದಿಡಲು ಧ್ವನಿ ಮುದ್ರಿಸುವ ಮುಕ್ತ ತಂತ್ರಾಂಶ ಅಡಾಸಿಟಿ ಇದೆ. ಒಂದೊಂದೇ ಪದ ಹೇಳಿಸಿ ವಿಕಿಮೀಡಿಯ ಕಾಮನ್ಸಿಗೆ ಏರಿಸಲು ತಮಿಳು ಗೆಳೆಯರೇ ಮಾಡಿಕೊಟ್ಟ ‘ಸ್ಪೆಲ್4ವಿಕಿ’ ಎಂಬ ಮುಕ್ತ ಆ್ಯಪ್ ಇದೆ, ಫೋನೊಂದಿದ್ದರೆ ಸಾಕು. ಮುಂದಿನ ಸಲ ಆ ಕಡೆ ಮದುವೆಗೆ ಹೋದಾಗ ಮನೆಯ ಹಿರಿಯರ ಒಪ್ಪಿಗೆ ಪಡೆದು ಅರ್ಧ ಗಂಟೆ ಅವರ ಮಾತನ್ನು ರೆಕಾರ್ಡ್ ಮಾಡಿಕೊಂಡು ಬನ್ನಿ.